ಬಿರುಕಿನ ಪಕ್ಕ ಸ್ಕೇಲಿಟ್ಟ ಭಾವ

ಜಗತ್ತಿನಲ್ಲಿ ಮನೆ ಮಾರುವವರೆಲ್ಲ ಫೋಟೋ ತೆಗೆಸುವುದು ಮನೆ ಬೇಗ ಮಾರಿಹೋಗಲಿ ಎಂದು. ನಮ್ಮ ಭಾವ ತೆಗೆದದ್ದು ಮಾತ್ರ ಯಾರೂ ಅತ್ತ ಸುಳಿಯದಿರಲಿ ಎಂದೇ ಇರಬೇಕು! ಹಾಗೆಂದು ಅವರ ಮುಖಕ್ಕೇ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗಾದರೂ ಸ್ವಲ್ಪ ಸಮಾಧಾನವಾಗುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಟರು. ಪೊಲೀಸ್ ಇನ್‌ಸ್ಪೆಕ್ಟರಲ್ಲ; ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಕೆಂಪು ಬಣ್ಣ ಬಳಿದು ಆಚೆ ಹಾಕುವ ಕೆಲಸ. ಆ ಚಟ ಮನೆಗೂ ಬಂದಿತ್ತು. ದೋಸೆ ತಟ್ಟೆಗೆ ಬಿದ್ದರೆ ಮೊದಲು ಅದರ ಅಂಚು ನೋಡುತ್ತಿದ್ದರು. ನನ್ನ ಮದುವೆಯ ದಿನ, ಮಂಟಪ ಎಡಕ್ಕೆ ಎರಡಿಂಚು ವಾಲಿದೆ ಎಂದು ಪುರೋಹಿತರನ್ನೇ ಎಬ್ಬಿಸಿ ನಿಲ್ಲಿಸಿದವರು! ಮುಹೂರ್ತ ಮೀರಿತೆಂದು ನನ್ನ ಅತ್ತೆ ಇವತ್ತಿಗೂ ಗೊಣಗುತ್ತಾರೆ. ಇಂಥವರನ್ನು ಕಟ್ಟಿಕೊಂಡ ಅಕ್ಕ ಮಾತ್ರ ನಗುತ್ತಲೇ ಇದ್ದಳು.

ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲೊಂದು ನೋಟೀಸು. ಅಷ್ಟು ವರ್ಷ ಬೇರೆಯದನ್ನೆಲ್ಲ ರಿಜೆಕ್ಟ್ ಮಾಡಿದ ಮನುಷ್ಯನನ್ನು ಅಳತೆಯನ್ನೂ ನೋಡದೆ ಆಚೆ ಹಾಕಿದರು. ಭಾವ ಮನೆಗೆ ಬಂದು, "ನೋಟೀಸು ಸೊಟ್ಟಗೆ ಅಂಟಿಸಿದ್ದಾರೆ" ಎಂದರು. ಅಷ್ಟೇ! ಅದೇ ವರ್ಷ ಅಕ್ಕನ ಹೃದಯದ ವಾಲ್ವು ಕೆಟ್ಟಿದೆ, ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಉಳಿದಿದ್ದದ್ದು ರಾಜಗೋಪಾಲನಗರದ ಎರಡು ರೂಮಿನ ಮನೆಯೊಂದೇ. ಮಾರದೆ ಬೇರೆ ದಾರಿ ಇರಲಿಲ್ಲ.

"ಭಾವ, ಒಳ್ಳೇ ಫೋಟೋ ಬೇಕು. ದುಡ್ಡಿರೋರು ಮೊದ್ಲು ಫೋಟೋ ನೋಡ್ತಾರೆ, ಹಿಡಿಸಿದ್ರೆ ಮಾತ್ರ ಮನೆ ನೋಡೋಕೆ ಬರ್ತಾರೆ" ಎಂದು ಆಫೀಸಿನ ಗೆಳೆಯನ ಕ್ಯಾಮೆರಾ, ಮೂವತ್ತಾರು ಫೋಟೋಗಳ ರೋಲು ತಂದುಕೊಟ್ಟೆ. ಕೊಟ್ಟದ್ದೇ ತಪ್ಪು.

ಪ್ರಿಂಟು ಬಂದವು. ಮೊದಲನೆಯದು ಹಾಲಿನ ಗೋಡೆಯ ಬಿರುಕು. ಎಷ್ಟು ಉದ್ದವೆಂದು ತಿಳಿಯಲಿ ಎಂದು ಪಕ್ಕದಲ್ಲಿ ಸ್ಟೀಲ್ ಸ್ಕೇಲು! ಎರಡನೆಯದು ಬಚ್ಚಲಿನ ತಾರಸಿಯ ತೇವ. ಮೂರನೆಯದು ಮುಚ್ಚಿಕೊಳ್ಳದ ಕಿಟಕಿ. ಹೀಗೆ ಮೂವತ್ತಾರೂ! ಪ್ರತಿಯೊಂದರ ಮೇಲೂ ಕೆಂಪು ಇಂಕಿನ ಬಾಣ. ಬೆಳಗಿನ ಬಿಸಿಲು ಬೀಳುವ ಅಡುಗೆಮನೆಯಾಗಲಿ, ಅಕ್ಕನ ದಾಸವಾಳದ ಗಿಡವಾಗಲಿ ಒಂದರಲ್ಲೂ ಇಲ್ಲ.

"ಚೆನ್ನಾಗಿರೋದು ಒಂದೂ ಇಲ್ವಲ್ಲ ಭಾವ?"

"ಚೆನ್ನಾಗಿರೋದನ್ನ ಯಾಕೋ ತೋರಿಸ್ಬೇಕು? ಅದು ಚೆನ್ನಾಗೇ ಇದ್ಯಲ್ಲ!"

ಬ್ರೋಕರು ಅಲ್ಲಿನ ಹಳೆಯ ರೈತರು. ಹೊಲಗಳು ಸೈಟುಗಳಾದ ಮೇಲೆ ಈ ಕೆಲಸಕ್ಕಿಳಿದವರು. ಫೋಟೋಗಳನ್ನು ತಿರುವಿಹಾಕಿ ನನ್ನ ಮುಖ ನೋಡಿದರು. "ಏನ್ ಸಾರ್ ಇದು? ಮನೆ ಮಾರಕ್ ಬಂದಿದ್ದೀರೋ, ಮೇಸ್ತ್ರಿ ಮ್ಯಾಲೆ ಕಂಪ್ಲೇಂಟ್ ಕೊಡಕ್ ಬಂದಿದ್ದೀರೋ? ಇಂಗೆ ತೋರ್ಸುದ್ರೆ ದೆವ್ವಾನೂ ಬರಾಕಿಲ್ಲ!"

ನಾನೇ ಸ್ಟುಡಿಯೋದವನನ್ನು ಕರೆಸಿದೆ. ಬಿರುಕಿನ ಮೇಲೆ ಕ್ಯಾಲೆಂಡರ್ ನೇತುಹಾಕಿದೆವು. ತೇವ ಕಾಣದಂತೆ ಲೈಟು ತಿರುಗಿಸಿದೆವು. ಅಕ್ಕನಿಗೆ, "ಸ್ವಲ್ಪ ಆಚೆ ಹೋಗಕ್ಕ, ಕಾಯಿಲೆಯವರು ಕಂಡ್ರೆ ಮನೆ ಆಗಿಬರಲ್ಲ ಅಂದ್ಕೋತಾರೆ" ಎಂದೆ. ಹೌದು, ಒಡಹುಟ್ಟಿದ ನಾನೇ ಹೇಳಿದೆ! ಅವಳು ಅದಕ್ಕೂ ನಕ್ಕು, ಏದುಸಿರು ಬಿಡುತ್ತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಆ ಫೋಟೋ ನೋಡಿ ಬ್ಯಾಂಕಿನ ಗುಮಾಸ್ತರೊಬ್ಬರು ಹೆಂಡತಿಯೊಂದಿಗೆ ಬಂದರು. ಮನೆ ಹಿಡಿಸಿತು. ಕಾಫಿಯೂ ಆಯಿತು. ಅಷ್ಟರಲ್ಲಿ ಭಾವ ಎದ್ದು ಕ್ಯಾಲೆಂಡರ್ ಎತ್ತಿದರು.

"ಇದನ್ನ ನೋಡಿದ್ರಾ ಸಾರ್? ಹದಿನಾಲ್ಕು ಇಂಚು. ಬನ್ನಿ, ಬಚ್ಚಲೂ ತೋರಿಸ್ತೀನಿ."

ಬಂದವರು ಹೊರಟೇಹೋದರು. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕನ ಪ್ರಾಣಕ್ಕಿಂತ ನಿಮ್ಮ ಇನ್‌ಸ್ಪೆಕ್ಷನ್ ದೊಡ್ಡದಾ ಭಾವ?"

"ಮುಚ್ಚಿಟ್ಟು ಮಾರಿದ ದುಡ್ಡಲ್ಲಿ ಅವಳನ್ನ ಆಪರೇಷನ್‌ಗೆ ಮಲಗಿಸ್ಲಾ? ನನ್ ಕೈಲಿ ಆಗಲ್ಲ ಕಣೋ."

ಹದಿನೈದು ದಿನ ಬಿಟ್ಟು ಆ ಗುಮಾಸ್ತರೇ ಮತ್ತೆ ಬಂದರು. "ಏಳೆಂಟು ಮನೆ ನೋಡಿದ್ವಿ ಸಾರ್. ಯಾರೂ ಏನೂ ಹೇಳಲ್ಲ. ನಿಮ್ದೇ ತಗೋತೀವಿ" ಎಂದರು. ಸತ್ಯಕ್ಕೆ ಬೆಲೆಯಿದೆ ಎಂದುಕೊಂಡಿರಾ? ಇತ್ತಲ್ಲ! ಆ ಮೂವತ್ತಾರು ಫೋಟೋಗಳನ್ನೇ ಕೇಳಿ ಇಸಿದುಕೊಂಡು, ಒಂದೊಂದಾಗಿ ಮುಂದಿಟ್ಟು ಬೆಲೆ ಇಳಿಸಿದರು. ಭಾವ ಮೂವತ್ತಾರಕ್ಕೂ ತಲೆಯಾಡಿಸಿದರು. ಬಂದದ್ದು ಆಪರೇಷನ್ನಿಗೆ ಸಾಕಾಯಿತು. ತಲೆಯ ಮೇಲೆ ಸ್ವಂತ ಸೂರಿಗೆ ಸಾಲಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ಶಾಲೆಯಲ್ಲಿ ಮೇಷ್ಟ್ರು ಬರೆಸುತ್ತಿದ್ದ ಪ್ರಬಂಧ ನೆನಪಾಗಿ ಮೈ ಉರಿಯಿತು.

ಆಪರೇಷನ್ ಮುಗಿದು ಅಕ್ಕ, ಭಾವ ಶೀಟು ಹೊದಿಸಿದ ಒಂದು ಬಾಡಿಗೆ ರೂಮಿಗೆ ಹೋದರು. ನನ್ನ ಸಿಟ್ಟು ಇಳಿದಿರಲಿಲ್ಲ. ಒಂದು ಮಧ್ಯಾಹ್ನ, ಇವತ್ತು ನಾಲ್ಕು ಮಾತು ಅಂದೇಬಿಡುತ್ತೇನೆ ಎಂದುಕೊಂಡೇ ಹೋದೆ. ಅಕ್ಕ ಮಂಚದ ಮೇಲೆ ನಿದ್ದೆಹೋಗಿದ್ದಳು. ಭಾವ ಪಕ್ಕದ ಸ್ಟೂಲಿನ ಮೇಲೆ ಕೈಗಡಿಯಾರ ಬಿಚ್ಚಿ ಹಿಡಿದು, ಏರಿಳಿಯುವ ಅವಳ ಎದೆಯನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಸುಮ್ಮನಿರು ಎಂದು ಕೈ ತೋರಿಸಿದರು. ಒಂದು ನಿಮಿಷ ಪೂರ್ತಿ ಕಳೆಯಿತು.

"ಹದಿನಾರು" ಎಂದರು ಪಿಸುದನಿಯಲ್ಲಿ. "ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದ್ರೂ ಅಷ್ಟೇ ಕಣೋ. ಎಲ್ಲಾ ಸರಿಯಾಗಿದೆ."

ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅವರ ಕಣ್ಣು ತುಂಬಿತ್ತು. ನನ್ನ ಮೇಲೇ ನನಗೆ ನಾಚಿಕೆಯಾಯಿತು. ಸದ್ದಾಗದಂತೆ ಚಪ್ಪಲಿ ಬಿಟ್ಟು ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಭಾವ ಮತ್ತೆ ಒಂದರಿಂದ ಎಣಿಸತೊಡಗಿದರು.