ಮೊಳೆ ಹೊಡೆಯಬಾರದ ಗೋಡೆ

ಗ್ರಂಥಪಾಲಕರ ನಿವೃತ್ತಿ ಒಂದೇ ಒಂದು ಮೊಳೆಗೆ ಸಿಕ್ಕಿಕೊಂಡಿತ್ತು.

ನೂರೈವತ್ತು ವರ್ಷದ ಗ್ರಂಥಾಲಯಕ್ಕೆ ಅಗ್ನಿಸುರಕ್ಷತೆಯ ಪ್ರಮಾಣಪತ್ರ ಸಿಕ್ಕರಷ್ಟೇ ಅವರ ಬಿಡುಗಡೆ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗೋಡೆಗೆ ತೂಗುಹಾಕಲೇಬೇಕು ಎನ್ನುತ್ತಿತ್ತು ಅಗ್ನಿಶಾಮಕ ಇಲಾಖೆ. ಆ ಗೋಡೆಗೆ ಮೊಳೆ ಹೊಡೆಯಲೇಬಾರದು ಎನ್ನುತ್ತಿತ್ತು ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆ. ಇವತ್ತು ಎರಡೂ ಕಡೆಯವರು ಒಟ್ಟಿಗೆ ಬಂದಿದ್ದರು. ಅತ್ತ ಮನೆಯಲ್ಲಿ ಹೆಂಡತಿ ಸಂಜೆಯ ರೈಲಿಗೆ ಗಂಟುಮೂಟೆ ಕಟ್ಟಿ ಕೂತಿದ್ದಳು. ಮೂವತ್ತು ವರ್ಷ ನಾಳೆ, ನಾಳಿದ್ದು ಎಂದು ಮುಂದೂಡಿದ ಸಮುದ್ರ ಈಗ ಎರಡು ಟಿಕೆಟ್ಟಿನಷ್ಟೇ ದೂರವಿತ್ತು.

"ನೆಲದ ಮೇಲಿಟ್ರೆ ಆಗಲ್ವಾ ಸಾರ್?" ಎಂದು ಕೇಳಿದರು ಗ್ರಂಥಪಾಲಕರು.

"ಎಡವಿ ಬೀಳ್ತಾರೆ. ಎದೆ ಮಟ್ಟದಲ್ಲಿರ್ಬೇಕು," ಎಂದರು ಅಗ್ನಿಶಾಮಕ ಅಧಿಕಾರಿ.

ಗ್ರಂಥಪಾಲಕರು ಅದನ್ನು ಕಿಟಕಿಯ ಸರಳಿಗೆ ಕಟ್ಟಲು ಹೋದರು.

"ಅಯ್ಯೋ, ಕೈ ತೆಗೀರಿ! ಅದು ನಿಮ್ಮ ತಾತನಿಗಿಂತ ಹಳೇದು," ಎಂದು ಕಟ್ಟಡ ಕಾಯುವ ಇಲಾಖೆಯ ಮೇಡಂ ಚೀರಿದರು.

ಕುರ್ಚಿಯ ಮೇಲಿಟ್ಟರು. ಕುರ್ಚಿ ಮುದುಕನಂತೆ ಒಮ್ಮೆ ನರಳಿ ಕುಸಿಯಿತು.

"ಅದೂ ನಮ್ಮ ಹಳೇ ವಸ್ತುಗಳ ಪಟ್ಟಿಯಲ್ಲಿತ್ತು," ಎಂದರು ಮೇಡಂ.

ಗ್ರಂಥಾಲಯದ ಗುಮಾಸ್ತ ಕಿಸಕ್ಕನೆ ನಕ್ಕ. "ನೀವೇ ಹೊತ್ಕೊಂಡ್ಬಿಡಿ ಸಾರ್. ಯಾವ ಇಲಾಖೆನೂ ಅಡ್ಡ ಬರಲ್ಲ."

ಸೋತ ಗ್ರಂಥಪಾಲಕರು ಅಳುವ ಕೂಸನ್ನು ಎತ್ತಿಕೊಂಡಂತೆ ಸಿಲಿಂಡರನ್ನು ಎದೆಗವಚಿಕೊಂಡು ಗೋಡೆಗೊರಗಿದರು. ಎತ್ತರದ ಕಿಟಕಿಯಿಂದ ಬಿಸಿಲು ಇಳಿಯುತ್ತಿತ್ತು. ಅದರೊಳಗೆ ಪುಸ್ತಕದ ಧೂಳು ಹೊನ್ನಿನ ಪುಡಿಯಂತೆ ತೇಲುತ್ತಿತ್ತು. ಯಾರೋ ಹಾಳೆ ತಿರುವಿದರು. ಗ್ರಂಥಪಾಲಕರ ಕಿವಿಯಲ್ಲಿ ಅಲೆಯೊಂದು ಬಂದು ಮರಳಿತು. ಕಣ್ಣು ಮುಚ್ಚಿದರು. ಕಪಾಟುಗಳು ಒಂದೊಂದಾಗಿ ದೋಣಿಗಳಾಗಿ ಹೊರಟವು. ಕಾಲಡಿಯ ಕಲ್ಲು ತಣ್ಣನೆಯ ಮರಳಾಯಿತು. ಪಾರಿವಾಳವೊಂದು ಹೆಗಲ ಮೇಲೆ ಬಂದು ಕೂತರೂ ಅವರು ಮಿಸುಕಲಿಲ್ಲ.

ಅಗ್ನಿಶಾಮಕ ಅಧಿಕಾರಿ ಟೇಪು ಹಿಡಿದು ಅಳೆದರು. "ನಾಲ್ಕಡಿ. ಕರೆಕ್ಟಾಗಿದೆ!"

ಮೇಡಂ ಗೋಡೆ ಸವರಿದರು. "ಒಂದು ಗೀರೂ ಇಲ್ಲ!"

ಎರಡು ರುಜು, ಎರಡು ಮೊಹರು. ಗ್ರಂಥಪಾಲಕರು ಕಣ್ಣು ಬಿಟ್ಟರು.

"ಸಿಕ್ತಲ್ಲ! ಕೊಡಪ್ಪಾ ನನ್ನ ಬಿಡುಗಡೆ ಆದೇಶ."

ಗುಮಾಸ್ತ ಪ್ರಮಾಣಪತ್ರವನ್ನು ಎರಡೆರಡು ಸಲ ಓದಿದ. ಅವನ ನಗು ಇಳಿಯಿತು.

"ಸಾರ್... 'ಸಿಲಿಂಡರಿಗೆ ಆಧಾರ: ಒಂದು. ಹಳೆಯದು, ಕಟ್ಟಡಕ್ಕೆ ಹೊಂದುವಂಥದ್ದು. ಇದನ್ನು ಸ್ಥಳದಿಂದ ಕದಲಿಸಿದರೆ ಈ ಪ್ರಮಾಣಪತ್ರ ರದ್ದು' ಅಂತಿದೆ."

"ಆಧಾರಾನಾ? ಯಾವ ಆಧಾರ?"

ಅಷ್ಟರಲ್ಲಿ ಮೇಡಂ ಗ್ರಂಥಪಾಲಕರ ಅಂಗಿಯ ಗುಂಡಿಗೆ ದಾರ ಪೋಣಿಸಿ, ನಂಬರಿನ ಚೀಟಿಯೊಂದನ್ನು ಕಟ್ಟುತ್ತಿದ್ದರು.

"ಒಂದ್ನಿಮಿಷ ಅಲುಗಾಡ್ಬೇಡಿ ಸಾರ್," ಎಂದರು ಅಕ್ಕರೆಯಿಂದ, "ಪಟ್ಟಿಗೆ ಫೋಟೊ ಬೇಕು."