ಸೋಮಮ್ಮನ ಕೈಮರ

ಮದ್ದೂರಿನ ದೇಹ ಮತ್ತು ರಸ್ತೆ ಸುಧಾರಣಾ ಕಚೇರಿಗೆ ಜೈವಿಕ ಎಂಜಿನಿಯರ್ ಒಬ್ಬರನ್ನು ನೇಮಿಸಿ, ಒಂದು ಕುರ್ಚಿ ಮತ್ತು ಅರ್ಧ ಮೇಜು ಮಂಜೂರು ಮಾಡಲಾಗಿದೆ. ಉಳಿದರ್ಧ ಮೇಜು ಜಲ್ಲಿಕಲ್ಲಿನ ವಿಭಾಗಕ್ಕೆ ಸೇರಿದ್ದು.

ಹೊಸ ಎಂಜಿನಿಯರ್ ನುಜ್ಹತ್, ತಮ್ಮ ವಿದ್ಯೆಯಿಂದ ಕೃತಕ ಕೈ ಮಾಡಬಹುದು, ಹೃದಯಕ್ಕೆ ಕವಾಟ ಕೂರಿಸಬಹುದು, ಸುಟ್ಟವರಿಗೆ ಹೊಸ ಚರ್ಮ ಬೆಳೆಸಬಹುದು ಎಂದು ವಿವರಿಸಿದರು. ಮುಖ್ಯಾಧಿಕಾರಿ ಸಿದ್ದರಾಜು ಗಂಭೀರವಾಗಿ ಕೇಳಿಸಿಕೊಂಡರು.

"ಕವಾಟ ಅಂದ್ರೆ ತೂಬು, ಅದು ನೀರಾವರಿಯವರದು. ಬೆಳೆಸೋದೆಲ್ಲ ತೋಟಗಾರಿಕೆ. ನಮಗೆ ಬರೋದು ಕೈ ಒಂದೇ ಮೇಡಂ. ದರಪಟ್ಟಿಯಲ್ಲಿ ಕೈಮರ ಅಂತಿದೆ."

"ಅದು ದಾರಿ ತೋರಿಸೋ ಕಂಬ ಸರ್."

"ಕೈ ಇದೆಯೋ ಇಲ್ಲವೋ?"

ಇತ್ತು. ಕಡತ ಮುಂದಕ್ಕೆ ಹೋಯಿತು.

ಶಿವಪುರದ ಸೋಮಮ್ಮ ಆಲೆಮನೆಯ ಗಾಣಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡವಳು. "ಎಡಗೈಲಿ ಉಣ್ಣಾಕೆ ನಾಚ್ಕೆ ಆಯ್ತದೆ ಕಣವ್ವ. ಮುದ್ದೆ ಮುರ್ಯಾಕೊಂದು ಕೈ ಮಾಡ್ಕೊಡು, ಸಾಕು" ಎಂದಳು.

ನುಜ್ಹತ್ ಮಾಡಿಕೊಟ್ಟರು. ಬೆರಳು ಮಡಚುತ್ತಿತ್ತು, ಹಿಡಿಯುತ್ತಿತ್ತು. ಆ ಕಚೇರಿಯಿಂದ ಅಷ್ಟು ಉಪಯೋಗದ ವಸ್ತು ಹಿಂದೆಂದೂ ಹೊರಬಿದ್ದಿರಲಿಲ್ಲ. ಸೋಮಮ್ಮ ಸಂತೋಷಕ್ಕೆ ಅತ್ತೇಬಿಟ್ಟಳು.

ಅವಳು ಮುದ್ದೆಗೆ ಕೈ ಹಾಕುವ ಮೊದಲೇ ಪ್ರಕಟಣೆ ಬಂತು: "ಸರ್ಕಾರಿ ವೆಚ್ಚದ ಕೈಮರವನ್ನು ಖಾಸಗಿ ಊಟಕ್ಕೆ ಬಳಸತಕ್ಕದ್ದಲ್ಲ. ಸದರಿ ಕೈಮರವು ಹಗಲಿಡೀ ರಸ್ತೆಯ ಕವಲಿನಲ್ಲಿದ್ದು ಮಳವಳ್ಳಿಯ ಕಡೆ ತೋರತಕ್ಕದ್ದು. ಅದಕ್ಕೆ ಅಂಟಿಕೊಂಡಿರುವ ಮಹಿಳೆಯೂ ಜೊತೆಗಿರತಕ್ಕದ್ದು."

ಸೋಮಮ್ಮ ಕಚೇರಿಗೆ ಓಡಿಬಂದಳು. "ನಾ ಉಣ್ಣಾದ್ ಯಾವಾಗ ಸ್ವಾಮಿ?"

"ಎಡಗೈ ನಿಮ್ಮ ಸ್ವಂತದ್ದಮ್ಮ" ಎಂದರು ಸಿದ್ದರಾಜು. "ಅದರ ಬಗ್ಗೆ ಕಚೇರಿಯ ಆಕ್ಷೇಪಣೆ ಇಲ್ಲ."

ನುಜ್ಹತ್ ಲಿಖಿತವಾಗಿ ಪ್ರತಿಭಟಿಸಿದರು. ಅವರ ಅಕ್ಷರ ದುಂಡಗಿದೆಯೆಂದು ಮೆಚ್ಚಿ ಇಡೀ ಮೇಜನ್ನು ಅವರಿಗೇ ಕೊಡಲಾಯಿತು. ಈಗ ಕೃತಕ ಕೈಯ ಅರ್ಜಿಗಳ ಜೊತೆ ಜಲ್ಲಿಕಲ್ಲನ್ನೂ ಅವರೇ ನೋಡಿಕೊಳ್ಳುತ್ತಾರೆ.

ಬಸ್ಸಿನವರಿಗೆ ಸೋಮಮ್ಮ ರೂಢಿಯಾದಳು. ಅವಳು ಕೈ ಚಾಚಿದ ಕಡೆ ತಿರುಗಿಕೊಂಡು ಹೋಗುತ್ತಿದ್ದರು. ಮಂಡ್ಯಕ್ಕೆ ಹೋಗುವವರಿಗೆ ಮಾತ್ರ ತಾರತಮ್ಯವಾಗಿದೆಯೆಂದು ದೂರು ಬಂತು. ಸಿದ್ದರಾಜು ಖುದ್ದಾಗಿ ಕವಲಿಗೆ ಬಂದರು.

"ಎಡಗೈ ಸುಮ್ಮನೆ ಇದೆಯಲ್ಲಮ್ಮ?"

"ಇದ್ರಲ್ಲಿ ಉಣ್ತೀನಿ ಸ್ವಾಮಿ."

"ಉಳಿದ ಹೊತ್ತು?"

ಸೋಮಮ್ಮ ಯೋಚಿಸಿದಳು. ನ್ಯಾಯವೆನಿಸಿತು. ಎಡಗೈಯನ್ನೂ ಎತ್ತಿ ಮಂಡ್ಯದ ಕಡೆ ಚಾಚಿದಳು.

ಮಧ್ಯಾಹ್ನ ಸೊಸೆ ರೂಪ ಬಂದು ಮುದ್ದೆ ಮುರಿದು ಅವಳ ಬಾಯಿಗಿಡುತ್ತಾಳೆ. ಮಳವಳ್ಳಿಯ ಕಡೆಗೆ ಅಡ್ಡ ನಿಲ್ಲಬಾರದೆಂಬ ಷರತ್ತಿನ ಮೇಲೆ ಸೊಸೆಗೆ ಅನುಮತಿ ನೀಡಲಾಗಿದೆ.