ಹನ್ನೊಂದು ಗಂಟೆಯ ಸ್ಯಾಂಡ್‌ವಿಚ್

ಗಂಡಸು ನಿವೃತ್ತನಾದಾಗ ಕಚೇರಿಯವರು ಭಾಷಣ ಮಾಡಿ, ಕೈಕುಲುಕಿ, ಒಂದು ಗಡಿಯಾರ ಕೊಟ್ಟು ಕಳಿಸುತ್ತಾರೆ. ಆ ಸರಕನ್ನು ಮನೆಯಲ್ಲಿ ಇಳಿಸಿಕೊಳ್ಳುವವಳಿಗೆ ಮಾತ್ರ ಯಾರೂ ಒಂದು ಸಾಂತ್ವನದ ಮಾತು ಹೇಳುವುದಿಲ್ಲ.

ಟೈಲರಮ್ಮನ ಗಂಡ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಹೊತ್ತಿಗೆ ಸರಿಯಾಗಿ ಶಿಳ್ಳೆ ಊದಿ ಬಸ್ಸು ಹೊರಡಿಸುವುದು ಅವರ ಉದ್ಯೋಗ. ಓಡಿಸುವವನು ಡ್ರೈವರು, ಟಿಕೆಟ್ ಹರಿಯುವವನು ಕಂಡಕ್ಟರು, ಚಕ್ರದ ಕೆಳಗೆ ಮಲಗಿ ಮೈಯೆಲ್ಲ ಮಸಿ ಮಾಡಿಕೊಳ್ಳುವವನು ಮೆಕ್ಯಾನಿಕ್ಕು. ಆದರೂ ಬಸ್ಸು ಊರು ಸೇರುತ್ತಿದ್ದದ್ದು ತಮ್ಮ ಶಿಳ್ಳೆಯಿಂದಲೇ ಎಂಬ ನಂಬಿಕೆಯಲ್ಲಿ ಅವರು ಸೇವಾವಧಿ ಮುಗಿಸಿದರು. ಆ ನಂಬಿಕೆಯನ್ನೂ ಶಿಳ್ಳೆಯನ್ನೂ ಮನೆಗೆ ತಂದರು.

ಅಲ್ಲಿಯವರೆಗೆ ಹನ್ನೊಂದು ಗಂಟೆ ಎನ್ನುವುದು ಟೈಲರಮ್ಮನ ಸ್ವಂತ ಆಸ್ತಿಯಾಗಿತ್ತು. ಆ ಹೊತ್ತಿಗೆ ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಅಡುಗೆಮನೆಗೆ ಹೋಗುವಳು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುವಳು. ಕೆಂಪು ಕ್ಯಾಪ್ಸಿಕಂ ಸುಟ್ಟು ಸಿಪ್ಪೆ ಸುಲಿಯುವಳು. ಎರಡು ಬ್ರೆಡ್ಡಿನ ಒಂದೊಂದು ಮಗ್ಗುಲನ್ನು ಮೊದಲು ಕಾವಲಿಯ ಮೇಲೆ ಗರಿಯಾಗಿಸಿ, ಆ ಗರಿ ಮಗ್ಗುಲಿನ ಮೇಲೆ ಚೀಸು, ಈರುಳ್ಳಿ, ಕ್ಯಾಪ್ಸಿಕಂ, ಮೆಣಸಿನಪುಡಿ ಹರಡಿ ಜೋಡಿಸುವಳು. ಮೇಲೆ ಭಾರಕ್ಕೆ ಹಳೆಯ ಇಸ್ತ್ರಿ ಪೆಟ್ಟಿಗೆ. (ಅಂಗಿಗಳ ಸೇವೆಯಿಂದ ನಿವೃತ್ತಿಯಾದ ಮೇಲೂ ಉಪಯೋಗಕ್ಕೆ ಬರುತ್ತಿದ್ದದ್ದು ಆ ಮನೆಯಲ್ಲಿ ಅದೊಂದೇ.) ಆಮೇಲೆ ಕಿಟಕಿಯ ಬಳಿ ಕುಳಿತು, ಯಾರಿಗೂ ಬಡಿಸದೆ, ಯಾರನ್ನೂ ಕೇಳದೆ, ಬಿಸಿ ಇರುವಾಗಲೇ ತಿನ್ನುವಳು. ಸಂಸಾರಕ್ಕೆ ಬಂದಂದಿನಿಂದ ಅವಳು ಬಿಸಿಯಾಗಿ ತಿಂದದ್ದು ಅದನ್ನು ಮಾತ್ರ.

ನಿವೃತ್ತಿಯ ಮೊದಲ ವಾರವೇ ಕಂಟ್ರೋಲರ್ ಮಹಾಶಯರು ವಾಸನೆ ಹಿಡಿದು ಬಂದರು.

"ಏನೇ ಇದು, ಕದ್ದುಮುಚ್ಚಿ ತಿಂತಿದೀಯಾ?"

"ನನ್ನ ಮನೆ, ನನ್ನ ಬ್ರೆಡ್ಡು. ಕದಿಯೋದು ಯಾರಿಂದ?"

"ಒಂದು ತುಂಡು ಕೊಡು, ನೋಡ್ತೀನಿ."

ನೋಡುವುದು ಬಾಯಲ್ಲಿ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಅರ್ಧ ಹೋಗಿತ್ತು. ಹಾಗೇ ದಿನವೂ ಅರ್ಧ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಅವಳು ಅರ್ಧ ಹೊಟ್ಟೆಯಲ್ಲಿ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಕೆಲಸವಿಲ್ಲದ ತಲೆಗೆ ಒಂದು ದಿನ ಜ್ಞಾನೋದಯವಾಯಿತು.

"ಈ ಮೇಲಿನ ಬ್ರೆಡ್ಡು ತೆಗೆದುಹಾಕಿದರೆ ಇದು ಪೀಜಾನೇ ಕಣೇ. ಹಿತ್ತಲಲ್ಲಿ ಕೆಂಡ ಮಾಡಿ, ಜಾಲರಿ ಇಟ್ಟು ಸುಡೋಣ. ಭಾನುವಾರ ತಮ್ಮನಿಗೂ ಅವನ ಹೆಂಡತಿಗೂ ಬರೋಕೆ ಹೇಳಿಬಿಟ್ಟಿದೀನಿ."

"ಹೇಳಿ ಆಯ್ತಾ?"

"ಆಯ್ತು. ನೀನೇನೂ ತಲೆ ಕೆಡಿಸ್ಕೋಬೇಡ. ಎಲ್ಲಾ ನಾನೇ ಮಾಡೋದು. ನೀನು ಹಿಟ್ಟು ನಾದಿ, ಲಟ್ಟಿಸಿ, ಈರುಳ್ಳಿ ಹುರಿದು, ಕ್ಯಾಪ್ಸಿಕಂ ಸುಟ್ಟು ಕೊಟ್ಟರೆ ಸಾಕು."

ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇದು ಚೆನ್ನಾಗಿ ಆಯಿತೆಂದರೆ ತನ್ನ ಸ್ಯಾಂಡ್‌ವಿಚ್ಚು ಊರಿನ ಸೊತ್ತಾಗುತ್ತದೆ. ಕೆಟ್ಟಿತೆಂದರೆ ಈ ಮನುಷ್ಯ ಅವಮಾನದಿಂದ ಮತ್ತೆ ಅಡುಗೆಮನೆಯ ಹೊಸಿಲು ದಾಟುವುದಿಲ್ಲ, ತನ್ನ ಹನ್ನೊಂದು ಗಂಟೆ ತನಗೆ ಮರಳುತ್ತದೆ. ಆದ್ದರಿಂದ ಕೆಡಬೇಕು. ಕೆಡಿಸಲು ಅವಳು ಕಷ್ಟಪಡಬೇಕಾಗಿಯೂ ಇರಲಿಲ್ಲ. ಗಂಡನ ಮಾತನ್ನು ಚಾಚೂತಪ್ಪದೆ ಪಾಲಿಸಿದರೆ ಸಾಕಿತ್ತು.

ಭಾನುವಾರ ಹಿತ್ತಲಲ್ಲಿ ಇಟ್ಟಿಗೆ, ಇದ್ದಿಲು, ಜಾಲರಿ ಸಿದ್ಧವಾದವು. ಲಟ್ಟಿಸಿದ ಹಿಟ್ಟು ಹಲಗೆಯ ಮೇಲಿತ್ತು.

"ಒಂದು ಮಗ್ಗುಲು ಮೊದಲು ಬೇಯಿಸಿಕೊಳ್ಳೋದಲ್ವೇನ್ರೀ?" ಎಂದು ಅವಳು ಕೇಳಿದಳು, ನಾಳೆ 'ನೀನು ಮೊದಲೇ ಹೇಳಲಿಲ್ಲ' ಎನ್ನುವ ಮಾತು ಬರಬಾರದಲ್ಲ.

"ತಪ್ಪು. ಪ್ರಯಾಣಿಕರನ್ನೆಲ್ಲ ಸ್ಟ್ಯಾಂಡಿನಲ್ಲೇ ಹತ್ತಿಸಿಕೊಳ್ಳಬೇಕು. ನಡುದಾರಿಯಲ್ಲಿ ಹತ್ತಿಸೋದು ನಿಯಮಕ್ಕೆ ವಿರುದ್ಧ. ಹಸಿ ಹಿಟ್ಟಿನ ಮೇಲೇ ಎಲ್ಲಾ ಹೇರು. ನಾನು ಶಿಳ್ಳೆ ಊದಿದಾಗ ಬೆಂಕಿ ಮೇಲೆ ಇಡು."

ಭಾರ ಹೊತ್ತ ಹಸಿ ಹಿಟ್ಟು ಜಾಲರಿಯ ಕಂಡಿಗಳಿಂದ ನೇರ ಕೆಂಡಕ್ಕೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಸರಿ," ಎಂದಳು. ಮದುವೆಯಾದ ಮೇಲೆ ಆ ಮಾತನ್ನು ಅಷ್ಟು ಸಂತೋಷದಿಂದ ಅವಳು ಹೇಳಿದ್ದೇ ಇಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಮೈದುನನ ಕಾರು ಬಂತು. ಕಾರನ್ನು ಹಿಂದಕ್ಕೆ ಬಿಡಿಸಲು ಕಂಟ್ರೋಲರು ಓಡಿದರು. ಶಿಳ್ಳೆ ಕೇಳಿಸಿತು. ಕಾರಿಗೋ ಪೀಜಾಕ್ಕೋ, ಅಂತೂ ಶಿಳ್ಳೆ.

ಟೈಲರಮ್ಮ ಈರುಳ್ಳಿಯ ಬಟ್ಟಲಿಗೆ ಕೈ ಚಾಚಿದಳು. ಕೈ ಮುಂದೆ ಹೋಗಲಿಲ್ಲ. ಹೊಲಿಯದ ಕಾಲರಿಗೆ ಗುಂಡಿ ಹಚ್ಚು ಎಂದರೆ ಯಾವ ಟೈಲರಿನ ಕೈ ಹೋಗುತ್ತದೆ? ಕೆಡಲಿ, ಕೆಡಲಿ ಎಂದು ತಲೆ ಹೇಳುತ್ತಲೇ ಇತ್ತು. ಕೈ ಬರಿ ಹಿಟ್ಟನ್ನು ಎತ್ತಿ ಎಣ್ಣೆ ಸವರಿ ಜಾಲರಿಯ ಮೇಲೆ ಇಟ್ಟಿತು. ಹದವಾಗಿ ಗುಳ್ಳೆ ಎದ್ದಾಗ ಸಟ್ಟುಗದಿಂದ ಮಗುಚಿತು. ಗರಿಯಾದ ಮಗ್ಗುಲಿನ ಮೇಲೆ ಚೀಸು, ಈರುಳ್ಳಿ, ಕ್ಯಾಪ್ಸಿಕಂ ಅಂಚಿನವರೆಗೆ ಒಂದೇ ಸಮನೆ ಹರಡಿತು. ಬೋಗುಣಿ ಕವುಚಿ ಮುಚ್ಚಿತು. ಬೋಗುಣಿ ಎತ್ತಿದಾಗ ಬಂದ ಪರಿಮಳಕ್ಕೆ ಅವಳೇ ಕಂಗಾಲಾದಳು. ಇಷ್ಟು ವರ್ಷ ಅನ್ನ ಹಾಕಿದ ಕೈ ಇಂಥ ದ್ರೋಹ ಮಾಡಬಹುದೆಂದು ಅವಳು ಎಣಿಸಿರಲಿಲ್ಲ.

"ಅಣ್ಣಾ, ಹೋಟೆಲಿನವರು ನಿನ್ನ ಹತ್ರ ಕಲೀಬೇಕು ಕಣೋ," ಎಂದ ಮೈದುನ, ಎರಡನೆಯ ತುಂಡಿಗೆ ಕೈ ಹಾಕಿ.

"ಭಾವನವರಿಗೆ ಇಂಥ ಕೈ ಇದೆ ಅಂತ ಗೊತ್ತೇ ಇರಲಿಲ್ಲ. ನೀವು ಪುಣ್ಯ ಮಾಡಿದೀರಿ ಅಕ್ಕಾ," ಎಂದಳು ಓರಗಿತ್ತಿ. "ನಮ್ಮನೆಯವರಿಗೆ ನೀರು ಕಾಯಿಸೋಕೂ ಬರಲ್ಲ."

"ಎಲ್ಲಾ ಟೈಮಿಂಗು," ಎಂದು ಕಂಟ್ರೋಲರು ಶಿಳ್ಳೆಯನ್ನು ಜೇಬಿಗೆ ಇಳಿಸಿದರು. "ಇನ್ನು ಪ್ರತಿ ಭಾನುವಾರ ಬನ್ನಿ. ಇವಳಿಗೇನೂ ತೊಂದರೆಯಿಲ್ಲ, ಮಾಡೋನು ನಾನಲ್ವಾ."

ಪುಣ್ಯವಂತೆ ಆಗ ಮುಂದಿನ ಪೀಜಾಕ್ಕೆ ಹಿಟ್ಟು ಲಟ್ಟಿಸುತ್ತಿದ್ದಳು. ತಟ್ಟೆ ಅವಳ ಕಡೆ ಬರುವಷ್ಟರಲ್ಲಿ ಅದರಲ್ಲಿ ಇದ್ದದ್ದು ಒಂದು ಅಂಚು. ಅದೂ ಆರಿತ್ತು.

ಮರುದಿನ ಹನ್ನೊಂದು ಗಂಟೆಗೆ ಅವಳು ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದಳು. ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಒಳಗೆ ಕಾವಲಿ, ಕಾವಲಿಯ ಮೇಲೆ ಅವಳ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಹೊಸ ಜ್ಞಾನೋದಯದ ಕಾಂತಿಯಲ್ಲಿ ಬೆಳಗುತ್ತಿದ್ದ ಗಂಡ.

"ಬಾ ಬಾ. ನೆನ್ನೆ ಕೊನೇಲಿ ಸುಟ್ಟು ಮಿಕ್ಕಿದ್ದ ಪೀಜಾದ ತಳ ಗಟ್ಟಿಯಾಗಿತ್ತು. ಮೇಲಿನದನ್ನೆಲ್ಲ ಕೆರೆದು ಎರಡು ಬ್ರೆಡ್ಡಿನ ಮಧ್ಯೆ ಇಟ್ಟೆ. ಯಾರಿಗಾದ್ರೂ ಹೊಳೀತಿತ್ತೇನೇ ಇದು? ತಮ್ಮನಿಗೂ ಫೋನ್ ಮಾಡಿ ಹೇಳಿದೆ. ತಗೋ, ಒಂದು ತುಂಡು ತಿಂದು ನೋಡು. ನಿನಗೂ ಕಲಿಸಿಕೊಡ್ತೀನಿ."

ಅವಳು ನಿಂತಲ್ಲೇ ಕಚ್ಚಿದಳು. ಬಿಸಿಯಾಗಿತ್ತು. ಹೇಳಲು ನಾಚಿಕೆಯಾಗುವಷ್ಟು ರುಚಿಯಾಗಿಯೂ ಇತ್ತು.

"ಹೇಗಿದೆ?"

"ಈರುಳ್ಳಿ ಸೀದಿದೆ," ಎಂದಳು, ಬೇರೆ ಕೊಂಕು ಸಿಗದೆ.

"ಗೊತ್ತಾಯ್ತು. ಹಾಗಾದ್ರೆ ನಾಳೆಯಿಂದ ಈರುಳ್ಳಿ ನೀನು ಹುರಿ, ಕ್ಯಾಪ್ಸಿಕಮ್ಮೂ ನೀನೇ ಸುಡು, ಬ್ರೆಡ್ಡೂ ನೀನೇ ಗರಿ ಮಾಡು. ಉಳಿದದ್ದು ನಾನು ನೋಡ್ಕೋತೀನಿ," ಎಂದು ಅವರು ಜೇಬಿನಿಂದ ಶಿಳ್ಳೆ ತೆಗೆದರು. "ಸರಿಯಾಗಿ ಹನ್ನೊಂದಕ್ಕೆ."

ಟೈಲರಮ್ಮನಲ್ಲಿ ಅದಕ್ಕೆ ತಕ್ಕ ಉತ್ತರವಿತ್ತು. ಆದರೆ ಬಾಯಿ ತುಂಬ ಅವಳದೇ ಸ್ಯಾಂಡ್‌ವಿಚ್ಚು ಇತ್ತು.